ಬಲೆ ಹೊಲಿಯುವ ದಿನಗಳು: ಕಷ್ಟಕಾಲದಲ್ಲಿ ಮಕ್ಕಳ ಚಿತ್ರಪುಸ್ತಕ ಬರೆಯುವವರಿಗೊಂದು ಮಾರ್ಗದರ್ಶಿ

ಜೂನ್ 1 ಬಂತು ಅಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತುಬಿಡುತ್ತವೆ. ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಆದರೆ ಬಂದರಿನಲ್ಲಿ ಯಾರೂ ಕೈಕಟ್ಟಿ ಕೂತಿರುವುದಿಲ್ಲ. ಸೂರಿನ ಕೆಳಗೆ ಕಾಲು ಚಾಚಿ, ಕಾಲಿನ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿರುತ್ತಾರೆ.

2023ರ ಜೂನಿನಲ್ಲಿ ನಾನು ಅಲ್ಲಿ ಕೊಡೆ ಹಿಡಿದು ನಿಂತಿದ್ದೆ. ಮೀನು ತಿನ್ನದ ಮನೆಯವಳಿಗೆ ಬಂದರಿನಲ್ಲೇನು ಕೆಲಸ ಅಂತ ಕೇಳಬೇಡಿ, ಮನೆಯಿಂದ ತಪ್ಪಿಸಿಕೊಂಡು ಬಂದಿದ್ದೆ. ಶಿರಸಿ ಹತ್ತಿರದ ಊರಿನಲ್ಲಿದ್ದ ಆಯಿಗೆ (ನಮ್ಮ ಮನೆಮಾತಿನಲ್ಲಿ ಅಮ್ಮ) ಲಕ್ವ ಹೊಡೆದು, ದೇವಿಮನೆ ಘಟ್ಟ ಇಳಿಸಿ ಕಾರವಾರಕ್ಕೆ ಕರೆತಂದು ಎಂಟು ತಿಂಗಳಾಗಿತ್ತು. ಒಪ್ಪಿಕೊಂಡಿದ್ದ ಒಂದು ಪುಸ್ತಕವನ್ನು ಪ್ರಕಾಶಕರು ಅದೇ ಹೊತ್ತಿಗೆ ಕೈಬಿಟ್ಟಿದ್ದರು. ಅಷ್ಟೂ ತಿಂಗಳಲ್ಲಿ ನಾನು ಬರೆದದ್ದು ಔಷಧದ ಚೀಟಿ ಮಾತ್ರ. ಬಲೆ ಕಟ್ಟುತ್ತಿದ್ದ ಅಜ್ಜನನ್ನು ಸುಮ್ನೆ ಕೇಳಿದೆ, ಇಷ್ಟು ದೊಡ್ಡದಕ್ಕೆ ಎಷ್ಟು ದಿನ ಬೇಕು ಅಂತ. ಅವರು ತಲೆ ಎತ್ತದೆ, "ಲೆಕ್ಕ ಹಾಕಿದ್ರೆ ಕೈ ಏಳೂದಿಲ್ಲ ಅಕ್ಕೋರೆ" ಅಂದರು.

ನಾನು ಪುಸ್ತಕದ ಲೆಕ್ಕ ಹಾಕುತ್ತಾ ಕೂತಿದ್ದೆ. ಕೈ ಏಳದ್ದು ಅದಕ್ಕೇ. ಆಮೇಲೆ ಕಂಡುಕೊಂಡ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದರಲ್ಲಿ ಸ್ಫೂರ್ತಿಯ ಮಾತು ಕಡಿಮೆ; ಹಾಳೆ, ಕತ್ತರಿ, ಸೂಜಿದಾರದ ಮಾತು ಜಾಸ್ತಿ.

ಹಂತ 1: ಯಾವ ಕಷ್ಟ ಅಂತ ಮೊದಲು ನೋಡಿಕೊಳ್ಳಿ

"ಬರೆಯೋಕಾಗ್ತಿಲ್ಲ" ಅನ್ನುವುದರಲ್ಲಿ ಮೂರು ಬಗೆ ಇದೆ. ಕೈ ಖಾಲಿ ಇಲ್ಲದ್ದು, ಮನಸ್ಸು ಖಾಲಿ ಇಲ್ಲದ್ದು, ಕಿಸೆ ಖಾಲಿಯಾದದ್ದು.

ಮನೆಯಲ್ಲಿ ಕಾಯಿಲೆಯವರೋ ಎಳೆ ಮಗುವೋ ಇದ್ದರೆ ಕೈ ಖಾಲಿ ಇರುವುದಿಲ್ಲ. ಆಗ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ ಬೇಕು. ಹಂತ 2ರಿಂದ 4ರವರೆಗಿನದು ಅದಕ್ಕೆ. ದುಃಖ, ಭಯ ತುಂಬಿದ್ದರೆ ಹೊಸ ಕಥೆ ಹುಟ್ಟಿಸಲು ಹೋಗಬೇಡಿ, ನೇರ ಹಂತ 8ಕ್ಕೆ ಹೋಗಿ. ದುಡ್ಡಿನ ತಾಪತ್ರಯವಾದರೆ ಸಂಬಳ ಕೊಡುವ ಕೆಲಸ ಮೊದಲು ಮಾಡಿ. ಅದರಲ್ಲಿ ತಪ್ಪು ಅನಿಸುವಂಥದ್ದು ಏನೂ ಇಲ್ಲ. ಚಿತ್ರಪುಸ್ತಕ ಬರೆದು ಮನೆ ನಡೆಸುವವರು ಕನ್ನಡದಲ್ಲಿ ನನಗಂತೂ ಸಿಕ್ಕಿಲ್ಲ.

ವಾರಗಟ್ಟಲೆ ನಿದ್ದೆ ಊಟ ಎರಡೂ ತಪ್ಪಿದ್ದರೆ ಅದು ಬರವಣಿಗೆಯ ತೊಂದರೆ ಅಲ್ಲ, ಡಾಕ್ಟರ ಹತ್ತಿರ ಹೋಗುವ ವಿಷಯ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಆಯಿತು, ಕನ್ನಡದಲ್ಲೇ ಮಾತಾಡಬಹುದು.

ಹಂತ 2: ಕೆಲಸದ ಅಳತೆ ಇಳಿಸಿ

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಚಿಕ್ಕದಾದರೆ 16 ಅಥವಾ 24. ಇದು ಯಾರೋ ಸುಮ್ಮನೆ ಹೇಳಿದ ಸಂಖ್ಯೆ ಅಲ್ಲ. ಪ್ರೆಸ್ಸಿನಲ್ಲಿ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ 16 ಪುಟ ಆಗುತ್ತದೆ. ಅಂಥವು ಎರಡು ಸೇರಿದರೆ 32. ಶೀರ್ಷಿಕೆ, ಪ್ರಕಾಶಕರ ವಿವರ ಬಿಟ್ಟರೆ ಕಥೆಗೆ ಸುಮಾರು 14 ಜೋಡಿಪುಟ ಉಳಿಯುತ್ತದೆ. ಪುಸ್ತಕ ತೆರೆದಾಗ ಎಡಕ್ಕೂ ಬಲಕ್ಕೂ ಒಟ್ಟಿಗೆ ಕಾಣುವ ಎರಡು ಪುಟವನ್ನು ನಾನು ಜೋಡಿಪುಟ ಅನ್ನುತ್ತೇನೆ.

ಈಗ ಲೆಕ್ಕ ನೋಡಿ. ಇಡೀ ಕಥೆ 300ರಿಂದ 500 ಪದ. ಒಂದು ಜೋಡಿಪುಟಕ್ಕೆ 20ರಿಂದ 35 ಪದ. ವಾಟ್ಸಾಪಿನಲ್ಲಿ ತಂಗಿಗೆ "ಹಾಲು ತಾ, ಬರುವಾಗ ಗುಳಿಗೆನೂ ತಾ" ಅಂತ ಶುರು ಮಾಡಿ ನಾಲ್ಕೈದು ಮೆಸೇಜು ಕಳಿಸಿದರೂ ಅಷ್ಟು ಖರ್ಚಾಗುತ್ತದೆ. ದಿನಕ್ಕೆ ಒಂದೇ ಜೋಡಿಪುಟ ಅಂದುಕೊಳ್ಳಿ. ಅದೂ ಆಗದ ದಿನ ಒಂದೇ ಸಾಲು. ಕಾದಂಬರಿ ಬರೆಯುವವರಿಗೆ ಈ ಸೌಕರ್ಯ ಇಲ್ಲ, ಪಾಪ.

ಹಂತ 3: ಮೊಣಕಾಲೆತ್ತರದಿಂದ ನೋಡಿ

ನಮ್ಮೂರ ಕಡಲತೀರಕ್ಕೆ ಠಾಗೋರರ ಹೆಸರು. ಅವರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರು, ಇಲ್ಲೇ ನಾಟಕ ಬರೆದರು. ಅದನ್ನು ಕೇಳಿದ ಬರೆಯುವವರೆಲ್ಲ ಒಂದಲ್ಲ ಒಂದು ಸಂಜೆ ಅಲ್ಲಿ ಹೋಗಿ ಅಲೆ ನೋಡುತ್ತಾ ಕೂರುತ್ತಾರೆ. ನಾನೂ ಎಷ್ಟೋ ಸಲ ಕೂತಿದ್ದೇನೆ. ಚುರುಮುರಿ ತಿಂದು ವಾಪಸ್ ಬಂದಿದ್ದೇನೆ.

ನನಗೆ ಕೆಲಸಕ್ಕೆ ಬಂದದ್ದು ಬೇರೆ ಜಾಗ, ಅಡುಗೆಮನೆಯ ನೆಲ. ದಿನಕ್ಕೊಮ್ಮೆ ನೆಲದ ಮೇಲೆ ಕೂತು, ಐದು ವರ್ಷದ ಮಗುವಿನ ಕಣ್ಣಿನ ಎತ್ತರದಿಂದ ಮನೆ ನೋಡಿ. ಒಂದು ಸಾಲು ಬರೆದಿಡಿ. ಕಟ್ಟಳೆ ಒಂದೇ: ಮಗು ಬೆರಳು ಮಾಡಿ ತೋರಿಸಬಹುದಾದದ್ದನ್ನು ಮಾತ್ರ ಬರೆಯಬೇಕು. "ಬೇಸರ", "ಆತಂಕ", "ನೆನಪು" ಇವನ್ನು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಆ ವರ್ಷದ ನನ್ನ ಟಿಪ್ಪಣಿ ಪುಸ್ತಕದಿಂದ ಮೂರು ಸಾಲು:

ಜೂನ್ 19. ಬಾಗಿಲ ಹಿಂದೆ ಐದು ಕೊಡೆ. ನಾಲ್ಕು ಒದ್ದೆ, ಒಂದು ಒಣ.

ಜೂನ್ 22. ಆಯಿಯ ಬಲಗೈ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಮಲಗಿಸಿತು.

ಜೂನ್ 27. ಅಂಗಳದ ಏಡಿ ಅಡುಗೆಮನೆಗೆ ಬಂತು. ಒಲೆ ನೋಡಿತು. ವಾಪಸ್ ಹೋಯಿತು.

ಮೊದಲನೆಯದು ಆಗಲೇ ಒಂದು ಪ್ರಶ್ನೆ ಕೇಳುತ್ತಿದೆ: ಒಣಗಿದ ಕೊಡೆ ಯಾರದ್ದು, ಅವರು ಯಾಕೆ ಹೊರಗೆ ಹೋಗಿಲ್ಲ? ಮೂರನೆಯದು ಸುಮ್ಮನೆ ನಗಿಸುತ್ತದೆ, ಅಷ್ಟು ಸಾಕು. ಎರಡನೆಯದನ್ನು ಬರೆದಾಗ ಅದರಲ್ಲಿ ಏನೋ ಇದೆ ಅಂತ ನನಗೆ ಗೊತ್ತೇ ಆಗಲಿಲ್ಲ. ಅದರ ಕಥೆ ಮುಂದೆ ಬರುತ್ತದೆ. ಹೀಗೆ ಕೂಡಿಟ್ಟ ಸಾಲುಗಳನ್ನು ವಾರಕ್ಕೊಮ್ಮೆ ಓದಿ ಯಾವುದು ಒಳ್ಳೆಯದು ಅಂತ ಆರಿಸಲು ಹೋಗಬೇಡಿ. ತಿಂಗಳು ತುಂಬಲಿ.

ಹಂತ 4: ಹಾಳೆ ಮಡಚಿ

ಇದು ಇಡೀ ಕ್ರಮದ ಜೀವ. ಮನಸ್ಸು ಓಡದಿದ್ದರೂ ಕೈ ಓಡುತ್ತದೆ, ಕೈಯ ಹಿಂದೆ ಮನಸ್ಸೂ ಬರುತ್ತದೆ. ಆಯಿ ಆರೋಗ್ಯವಾಗಿದ್ದಾಗ ತೊಡೆದೇವು ಮಾಡುತ್ತಿದ್ದಳು. ಬೋರಲು ಮಡಕೆಯ ಮೇಲೆ ಕಬ್ಬಿನ ಹಾಲು ಬೆರೆಸಿದ ಹಿಟ್ಟು ಬಳಿದು, ಕಾಗದದಷ್ಟು ತೆಳ್ಳಗಿನ ಹಾಳೆ ಏಳುತ್ತಿದ್ದಂತೆ ಬಿಸಿಯಲ್ಲೇ ಮಡಚಬೇಕು. ಯೋಚಿಸುತ್ತಾ ನಿಂತರೆ ಗರಿಯಾಗಿ ಮುರಿಯುತ್ತದೆ. ಕಥೆಯ ಮೊದಲ ಮಡಿಕೆಗೂ ಅದೇ ಅವಸರ ಒಳ್ಳೆಯದು.

ಮೊದಲು ಚಿಕ್ಕದು, ಎಂಟು ಪುಟದ್ದು. ಒಂದು ಎ4 ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ ಅರ್ಧ ಮಡಚಿ, ಬಿಚ್ಚಿ. ಈಗ ಅಡ್ಡಕ್ಕೆ ಅರ್ಧ ಮಡಚಿ, ಇನ್ನೊಮ್ಮೆ ಅರ್ಧ ಮಡಚಿ, ಬಿಚ್ಚಿ. ಎಂಟು ಮನೆ ಕಾಣುತ್ತವೆ. ಮತ್ತೆ ಅಡ್ಡಕ್ಕೆ ಒಂದೇ ಸಲ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಹಾಳೆ ಬಿಚ್ಚಿ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಟ್ಟು ಅಧಿಕ ಚಿಹ್ನೆಯ ಹಾಗೆ ನಿಲ್ಲುತ್ತದೆ. ಅದನ್ನು ಸುತ್ತಿಕೊಂಡರೆ ಪುಟ್ಟ ಪುಸ್ತಕ. ಆಸ್ಪತ್ರೆಯ ಬೆಂಚಿನ ಮೇಲೆ, ಪಾಳಿ ಕಾಯುವಾಗ, ಇಂಥ ನಾಲ್ಕು ಮಾಡಿದ್ದೇನೆ. ಪಕ್ಕದಲ್ಲಿ ಕೂತಿದ್ದ ಮಗು ಎರಡನ್ನು ಕಸಿದುಕೊಂಡಿತು.

ಕಥೆ ಇದರಲ್ಲಿ ನಿಂತರೆ ಆಮೇಲೆ ದೊಡ್ಡದು. ಎಂಟು ಎ4 ಹಾಳೆ ಅರ್ಧ ಮಡಚಿ, ಒಂದರೊಳಗೊಂದು ಸೇರಿಸಿ, ನಡುವೆ ಸೂಜಿದಾರದಿಂದ ಮೂರು ಹೊಲಿಗೆ ಹಾಕಿ. 32 ಪುಟ. ಪುಟಕ್ಕೆ ನಂಬರು ಹಾಕಿ. 1 ಶೀರ್ಷಿಕೆಗೆ, 2 ಮತ್ತು 3 ಪ್ರಕಾಶಕರಿಗೆ. 4–5ರಿಂದ 30–31ರವರೆಗೆ ಕಥೆ. ಕೊನೆಗೆ ಒಂಟಿಯಾಗಿ ಉಳಿಯುವ 32ನೇ ಪುಟವನ್ನು ಕಥೆ ಮುಗಿದ ಮೇಲಿನ ತುಂಟತನಕ್ಕೆ ಇಟ್ಟುಕೊಳ್ಳಿ.

ಹೀಗೆ ಕೈಯಲ್ಲಿ ಹಿಡಿದಾಗ ಮಾತ್ರ ಪುಟ ತಿರುವುವುದರ ಬೆಲೆ ತಿಳಿಯುತ್ತದೆ. ಬಲಪುಟದ ಕೊನೆಯಲ್ಲಿ ಮಗುವಿಗೆ ಒಂದು ಕುತೂಹಲ ಹುಟ್ಟಬೇಕು, ತಿರುವಿದ ಕೂಡಲೇ ಅದು ತೀರಬೇಕು. ಬಂದರಿನಿಂದ ಬಂದ ರಾತ್ರಿ ನಾನು ಮಡಚಿದ್ದು ಮಲಗಿದ ದೋಣಿಯ ಕಥೆ. ಐದನೇ ಪುಟದಲ್ಲಿ "ಏಡಿ ಬಂತು. ಏಳು ಏಳು ಅಂತ ದೋಣಿಯ ಕಿವಿ ಚಿವುಟಿತು." ತಿರುವಿದರೆ "ದೋಣಿ ಮಗ್ಗುಲು ಬದಲಿಸಿತು." ಮೊದಲು ಎರಡನ್ನೂ ಒಂದೇ ಜೋಡಿಪುಟದಲ್ಲಿ ಇಟ್ಟಿದ್ದೆ. ಸಪ್ಪೆ ಇತ್ತು. ಒಂದು ಪುಟ ಮುಂದೆ ತಳ್ಳಿದ್ದಕ್ಕೆ ಮಕ್ಕಳು ನಕ್ಕರು. ಪದ ಒಂದನ್ನೂ ಬದಲಿಸಿರಲಿಲ್ಲ.

ಹಂತ 5: ಚಿತ್ರದ ಪಾಲು ಚಿತ್ರಕ್ಕೆ ಬಿಡಿ

ಕಷ್ಟದಲ್ಲಿರುವಾಗ ನಾವು ಜಾಸ್ತಿ ವಿವರಿಸುತ್ತೇವೆ. ಇದನ್ನು ನನ್ನಲ್ಲೇ ನೋಡಿದ್ದೇನೆ. ದೋಣಿಯ ಮೊದಲ ಕರಡು ಹೀಗಿತ್ತು:

"ಜೂನ್ ತಿಂಗಳ ಮಳೆ ಜೋರಾಗಿ ಸುರಿಯುತ್ತಿತ್ತು. ಕೆಂಪು ಬಣ್ಣದ ದೊಡ್ಡ ದೋಣಿಯೊಂದು ನೀಲಿ ತಾಡಪಾಲು ಹೊದ್ದು ದಡದ ಮೇಲೆ ಒಂಟಿಯಾಗಿ ಮಲಗಿತ್ತು. ಅದಕ್ಕೆ ತುಂಬಾ ನಿದ್ದೆ ಬರುತ್ತಿತ್ತು."

ಈಗ ಒಂದೊಂದನ್ನೇ ಕೇಳಿ: ಇದನ್ನು ಚಿತ್ರ ಹೇಳುತ್ತದಾ? ಮಳೆ, ಹೇಳುತ್ತದೆ. ಕೆಂಪು, ದೊಡ್ಡ, ನೀಲಿ, ದಡ, ಎಲ್ಲ ಚಿತ್ರದಲ್ಲೇ ಇರುತ್ತದೆ. ಉಳಿದದ್ದು ಎರಡು ಪದ: "ದೋಣಿ ಆಕಳಿಸಿತು."

ಇನ್ನೊಂದು ಮೆಟ್ಟಿಲು ಮೇಲೆ ಹೋದರೆ ಪದವೂ ಚಿತ್ರವೂ ಬೇರೆ ಬೇರೆ ಹೇಳುತ್ತವೆ. ನನ್ನ ಒಂಬತ್ತನೇ ಪುಟದಲ್ಲಿ "ದೋಣಿಯೊಳಗೆ ಯಾರೂ ಇಲ್ಲ" ಅಂತ ಇದೆ. ಚಿತ್ರದಲ್ಲಿ ತಾಡಪಾಲಿನ ಕೆಳಗೆ ಬೆಕ್ಕು ನಾಲ್ಕು ಮರಿ ಹಾಕಿದೆ. ಓದಿ ಹೇಳುವ ದೊಡ್ಡವರಿಗೆ ಗೊತ್ತಿಲ್ಲದ್ದು ನೋಡುವ ಮಗುವಿಗೆ ಗೊತ್ತು! ಈ ಖುಷಿ ಕೊಡಲು ಚಿತ್ರಪುಸ್ತಕಕ್ಕೆ ಮಾತ್ರ ಸಾಧ್ಯ. ಇಂಥ ಕಡೆ ಚಿತ್ರ ಬರೆಯುವವರಿಗೆ ಒಂದು ಸಾಲಿನ ಟಿಪ್ಪಣಿ ಬೇಕೇ ಬೇಕು. ಉಳಿದ ಕಡೆ ಬೇಡ. ದೋಣಿ ಯಾವ ಬಣ್ಣ ಅನ್ನುವುದು ಅವರ ಹೊಲ, ನಾವು ದನ ಬಿಡಬಾರದು.

ಹಂತ 6: ಬಾಯಲ್ಲಿ ಹೇಳಿ ನೋಡಿ

ಈ ಪುಸ್ತಕಗಳನ್ನು ಓದುವವರು ಒಬ್ಬರು, ಕೇಳುವವರು ಇನ್ನೊಬ್ಬರು. ಹಾಗಾಗಿ ಗಟ್ಟಿಯಾಗಿ ಓದಿ. ಪಾತ್ರೆ ತೊಳೆಯುವಾಗ ಹೇಳಿಕೊಳ್ಳಿ. ಉಸಿರು ಸಿಗದ ಕಡೆ ವಾಕ್ಯ ಮುರಿಯಿರಿ.

ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರ ಇಲ್ಲ. ನಮ್ಮ ಕಡೆಯ ಮಳೆಯನ್ನೇ ತೆಗೆದುಕೊಳ್ಳಿ: ಜಿಟಿಜಿಟಿ, ಪಟಪಟ, ಜುಳುಜುಳು, ತೊಟತೊಟ, ಧೋ. ಇವು ಬೇರೆ ಬೇರೆ ಮಳೆ. ಜಿಟಿಜಿಟಿಗೆ ಕೊಡೆ ಬೇಕಿಲ್ಲ, ಧೋ ಅಂದರೆ ಶಾಲೆಗೆ ರಜೆ. ಐದು ಪದದಲ್ಲೇ ಒಂದು ಮಳೆಗಾಲದ ಕಥೆ ನಿಲ್ಲುತ್ತದೆ.

ಮನೆಮಾತಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ಇಲ್ಲಿನ ಒಂದೇ ತರಗತಿಯಲ್ಲಿ ಕೊಂಕಣಿ, ಹವ್ಯಕ, ಹಾಲಕ್ಕಿ ಮಾತಿನ ಮಕ್ಕಳು ಜೊತೆಗೇ ಕೂತಿರುತ್ತಾರೆ. ನಾನು ಸರಳ ಕನ್ನಡದಲ್ಲೇ ಬರೆದು, ಕಥೆಗೊಂದೋ ಎರಡೋ ಮನೆಪದ ಬಿಡುತ್ತೇನೆ. ಏಡಿ ತನ್ನ ಹೆಸರು ಕುರ್ಲಿ ಅಂತ ಹೇಳಿಕೊಂಡಾಗ ಕೊಂಕಣಿ ಮನೆಯ ಮಗು ಎದ್ದು ಕೂರುತ್ತದೆ. ಹತ್ತು ಪದ ಸೇರಿಸಿದರೆ ಮಾತ್ರ ಉಳಿದ ಮಕ್ಕಳು ಹೊರಗೆ ಉಳಿಯುತ್ತಾರೆ.

ಆಮೇಲೆ ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಓದಿಸಿ. ಅವರು ತಡವರಿಸಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಅಂಗನವಾಡಿಯಲ್ಲೋ ಪಕ್ಕದ ಮನೆಯಲ್ಲೋ ಮಕ್ಕಳಿಗೆ ಓದಿದಾಗ "ಚೆನ್ನಾಗಿದೆಯಾ?" ಅಂತ ಕೇಳಬೇಡಿ, "ಹ್ಞೂಂ" ಅಂದುಬಿಡುತ್ತಾರೆ. ಯಾವ ಪುಟದಲ್ಲಿ ಕಿಟಕಿ ಕಡೆ ನೋಡಿದರು, ಯಾವ ಪುಟ ತಿರುವಲು ಕೈ ಚಾಚಿದರು, ಅದನ್ನು ನೋಡಿ.

ಹಂತ 7: ಕಷ್ಟವನ್ನೇ ಕಥೆ ಮಾಡುವ ಮೊದಲು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮೂರು ವಾರ ಕಳೆದು, ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ, ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ಮಳೆಗಾಲದಲ್ಲಿ ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗ ಬರೆದ ಚಿತ್ರಗಳಲ್ಲಿ ಮನೆ, ಮರ, ಸೂರ್ಯ ಎಲ್ಲ ಇದ್ದವು. ಹಿಂದೆ ಯಾವಾಗಲೂ ಇರುತ್ತಿದ್ದ ಎರಡು ಗುಡ್ಡ ಇರಲಿಲ್ಲ. ಕೇಳಿದ್ದಕ್ಕೆ, "ಬರೆದ್ರೆ ಬೀಳ್ತದೆ" ಅಂದ.

ಅವತ್ತೇ ರಾತ್ರಿ ಕೂತು ಕಥೆ ಬರೆದೆ. ಗುಡ್ಡವೇ ಬಂದು ಹುಡುಗನಿಗೆ ಸಮಾಧಾನ ಹೇಳುವ ಕಥೆ. ಬೆಳಿಗ್ಗೆ ಓದಿದರೆ ನಾಚಿಕೆ ಆಯಿತು. ಸಮಾಧಾನ ಬೇಕಿದ್ದದ್ದು ನನಗೆ, ಹೇಳಿಸಿದ್ದು ಗುಡ್ಡದ ಬಾಯಲ್ಲಿ, ಕೇಳಿಸಿಕೊಳ್ಳಬೇಕಾದ ಪಾಡು ಆ ಹುಡುಗನಿಗೆ.

ಅಲ್ಲಿಂದ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ನೋವು ನನ್ನದಾ, ಇನ್ನೊಬ್ಬರದಾ? ಇನ್ನೊಬ್ಬರದಾದರೆ ಕಾಯಬೇಕು, ಅವರ ಮನೆಯ ಗಾಯ ಹಸಿ ಇರುವಾಗ ಬರೆಯಬಾರದು. ಎರಡನೆಯದು, ಕಥೆಯೊಳಗಿನ ಮಗುವಿಗೆ ಕೈಯಾರೆ ಮಾಡಲು ಏನಾದರೂ ಇದೆಯಾ, ಇಲ್ಲ ಸುಮ್ಮನೆ ಬುದ್ಧಿಮಾತು ಕೇಳುತ್ತಾ ನಿಂತಿದೆಯಾ? ಮೂರನೆಯದು, ಕೊನೆಯ ಪುಟ ಸುಳ್ಳು ಹೇಳುತ್ತದಾ?

ಮೂರನೆಯದನ್ನು ಕಲಿಸಿದವಳು ಆಯಿ. ಜೂನ್ 22ರ ಸಾಲು ವರ್ಷ ಕಳೆದ ಮೇಲೆ ಕಥೆಯಾಯಿತು: ಅಜ್ಜಿಯ ಎಡಗೈ ಮಲಗಿಬಿಟ್ಟಿದೆ, ಮೊಮ್ಮಗಳು ಅದನ್ನು ಎಬ್ಬಿಸಬೇಕು. ಕಚಗುಳಿ ಇಡುತ್ತಾಳೆ, ಗೆಜ್ಜೆ ಕಟ್ಟುತ್ತಾಳೆ, ಕಿವಿ ಎಲ್ಲಿ ಅಂತ ಹುಡುಕಿ ಕೂಗುತ್ತಾಳೆ. ನನ್ನ ಕೊನೆಯ ಪುಟದಲ್ಲಿ ಕೈ ಎದ್ದು ದೋಸೆ ಹೊಯ್ಯಿತು. ಆಯಿಗೆ ಓದಿ ಹೇಳಿದೆ. ಮಾತು ತೊದಲುತ್ತದೆ, ಆದರೂ ಬಿಡಿಸಿ ಬಿಡಿಸಿ ಅಂದಳು: "ಇದು ಸುಳ್ಳು, ಕೂಸೆ."

ಈಗಿನ ಕೊನೆ ಹೀಗಿದೆ. ಅಜ್ಜಿಯ ಬಲಗೈ ದೋಸೆ ಹೊಯ್ಯುತ್ತದೆ. ಮೊಮ್ಮಗಳ ಪುಟ್ಟ ಕೈ ತಿರುವಿ ಹಾಕುತ್ತದೆ. ಎಡಗೈ ಮಲಗಿಯೇ ಇದೆ. ಅದಕ್ಕೊಂದು ಚಾದರ ಹೊದಿಸಿದ್ದಾರೆ. ಆಯಿ ಎರಡನೇ ಸಲ ಏನೂ ಹೇಳಲಿಲ್ಲ, ಚಾದರದ ಪುಟ ಮಾತ್ರ ಇನ್ನೊಮ್ಮೆ ತೋರಿಸು ಅಂತ ಸನ್ನೆ ಮಾಡಿದಳು.

ಗುಡ್ಡದ ಕಥೆ ಇನ್ನೂ ಹಾಗೇ ಇದೆ. ಮುಟ್ಟಿಲ್ಲ.

ಹಂತ 8: ಬರೆಯಲಾಗದ ದಿನಕ್ಕೆ ಬಲೆ ಕೆಲಸ

ಇಂಥ ದಿನಕ್ಕೆ ಯೋಚನೆ ಬೇಡದ ಕೆಲಸ ಇಟ್ಟುಕೊಳ್ಳಿ. ನಿಮಗೆ ಇಷ್ಟವಾದ ಒಂದು ಚಿತ್ರಪುಸ್ತಕದ ಪಠ್ಯವನ್ನು ಕೈಯಲ್ಲಿ ನಕಲು ಮಾಡಿ, ಪ್ರತಿ ಪುಟಕ್ಕೆ ಎಷ್ಟು ಪದ ಅಂತ ಅಂಚಿನಲ್ಲಿ ಬರೆಯಿರಿ. ಲೇಖಕರು ಎಲ್ಲಿ ಸುಮ್ಮನಾದರು ಅನ್ನುವುದು ಎದ್ದು ಕಾಣುತ್ತದೆ. ಇದು ನಿಮ್ಮ ಅಭ್ಯಾಸಕ್ಕೆ ಮಾತ್ರ, ಅಚ್ಚಿಗಲ್ಲ.

ಇನ್ನೊಂದು, ಅನುವಾದ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಮೂಲದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ: ಮೊದಲನೆಯದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ಅದಕ್ಕೂ ದೊಡ್ಡದು ನಾಲ್ಕನೆಯದು. ಮೊದಲ ಹಂತದ್ದನ್ನು ಹಿಡಿಯಿರಿ. ಇನ್ನೊಬ್ಬರ ಕಥೆಗೆ ನಿಮ್ಮ ಕನ್ನಡ ಹೊಂದಿಸುವಾಗ ಸ್ವಂತದ ಭಾರ ಇರುವುದಿಲ್ಲ, ಕೈ ಮಾತ್ರ ಪಳಗುತ್ತಿರುತ್ತದೆ. ಅಲ್ಲಿನ ಚಿತ್ರಗಳನ್ನು ಆರಿಸಿ ಜೋಡಿಸಿ, ಅದಕ್ಕೆ ಹೊಸ ಕಥೆ ಬರೆಯಲೂ ಬರುತ್ತದೆ. ಚಿತ್ರ ಮೊದಲು, ಪದ ಆಮೇಲೆ. ಹಂತ 5ರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ದುಡ್ಡು ಬರುವುದಿಲ್ಲ, ಅದೂ ಗೊತ್ತಿರಲಿ.

ಯಾವುದೂ ಆಗದ ದಿನ ಹಾಳೆ ಮಡಚಿ, ಖಾಲಿ ಇಡಿ.

ಹಂತ 9: ಮಳೆಗಾಲದಲ್ಲಿ ಕಾಗದ ಕಾಯುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಜುಲೈ ಹೊತ್ತಿಗೆ ಕಾರವಾರದಲ್ಲಿ ಹಾಳೆ ಹಳೆ ಬಟ್ಟೆಯಷ್ಟು ಮೆತ್ತಗಾಗುತ್ತದೆ, ಶಾಯಿ ಹರಡುತ್ತದೆ, ಬೂಷ್ಟು ಹಿಡಿಯುತ್ತದೆ. ಪೆನ್ಸಿಲಿನಲ್ಲೇ ಬರೆಯಿರಿ. ಮಡಚಿದ ಪುಸ್ತಕಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿಡಿ. ನಾನು ಹಲಸಿನ ಹಪ್ಪಳದ ಡಬ್ಬಿಗೇ ಸೇರಿಸಿದ್ದೇನೆ, ಮನೆಯಲ್ಲಿ ಅದೊಂದೇ ಗಾಳಿ ಆಡದ ಡಬ್ಬಿ. ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ. ಹಪ್ಪಳವೂ ಕೆಡುತ್ತದೆ, ಕಥೆಯೂ ಕೆಡುತ್ತದೆ.

ಆಗಸ್ಟ್ 1ರಂದು ಬೋಟುಗಳು ಮತ್ತೆ ಇಳಿಯುತ್ತವೆ. ಅವತ್ತು ಡಬ್ಬಿ ತೆಗೆಯಿರಿ. ಒಂದೊಂದನ್ನೂ ನಿಂತುಕೊಂಡೇ ಓದಿ. ಓದುತ್ತಾ ಓದುತ್ತಾ ಯಾವುದಕ್ಕೆ ಗೊತ್ತಿಲ್ಲದೇ ಕೂತುಬಿಟ್ಟಿರೋ ಅದನ್ನು ಇಟ್ಟುಕೊಂಡು 32 ಪುಟದ ಹೊಲಿಗೆ ಶುರು ಮಾಡಿ. ಉಳಿದವನ್ನು ಮುಂದಿನ ವರ್ಷಕ್ಕೆ ಡಬ್ಬಿಗೇ ಹಾಕಿ. ಕಳೆದ ಸಲ ಏಳರಲ್ಲಿ ಎರಡಕ್ಕೆ ಕೂತೆ. ಒಂದರ ತುಂಬಾ ಜೀರಿಗೆ ವಾಸನೆ.